ಕೊಬ್ಬರಿ ದುಡ್ಡಿನ ಕುರುಕ್ಷೇತ್ರ

ಕೆ.ಬಿ. ಕ್ರಾಸಿನಲ್ಲಿ ಬಸ್ಸಿಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಒಂದು ಫ್ಲೆಕ್ಸು. ಲೈಟು ಕಂಬಕ್ಕೂ ಎಳನೀರು ಅಂಗಡಿಯ ಗೂಟಕ್ಕೂ ನಡುವೆ ಬಿಗಿದು ಕಟ್ಟಿದ್ದರು. ಮಧ್ಯದಲ್ಲಿ ಗ್ರಾಮದೇವತೆ, ಎರಡೂ ಬದಿಗೆ ಸಾಲಾಗಿ ಪಾಸ್‌ಪೋರ್ಟ್ ಅಳತೆಯ ಮುಖಗಳು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಕ್ಯಾಮೆರಾ ಎದುರು ಬಿಗಿದುಕೊಂಡ ತುಟಿ. ಪ್ರತಿ ಮುಖದ ಕೆಳಗೆ ಅಪ್ಪ ಅಮ್ಮ ಇಟ್ಟ ಹೆಸರು, ಅದರ ಕೆಳಗೆ ಆ ರಾತ್ರಿಯ ಹೆಸರು: ಶ್ರೀಕೃಷ್ಣ, ಧರ್ಮರಾಯ, ಭೀಮ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ, ಕರ್ಣ, ಶಕುನಿ. ನಾಟಕ ಇನ್ನೆರಡು ದಿನಕ್ಕೆ, ಚಿಕ್ಕನಾಯಕನಹಳ್ಳಿಯಿಂದಾಚೆ ಹುಳಿಯಾರು ಕಡೆಯ ಒಂದು ಹಳ್ಳಿಯಲ್ಲಿ, ಜಾತ್ರೆಯ ರಾತ್ರಿ. ಅಲ್ಲೇ ನಿಂತು ಎಳನೀರು ಕುಡಿಯುತ್ತಾ ಅದನ್ನು ನೋಡಿಕೊಂಡೇ ಊರಿಗೆ ಹೋಗುವುದೆಂದು ತೀರ್ಮಾನಿಸಿದೆ.

ಹಾಗೆ ತೀರ್ಮಾನಿಸಲು ಒಂದು ಕಾರಣವಿತ್ತು. ಹೋದ ವರ್ಷ ಅಣ್ಣನ ಮಗ ನನ್ನನ್ನು ಲಾಸ್ ವೇಗಸ್ಸಿಗೆ ಕರೆದುಕೊಂಡು ಹೋಗಿದ್ದ. ಅಲ್ಲೂ ಬೀದಿಯುದ್ದಕ್ಕೂ ಮುಖಗಳೇ. ಒಂದೊಂದು ಮುಖ ನಮ್ಮ ಊರಿನ ಗೋಪುರದಷ್ಟು ಎತ್ತರ. ಒಂದು ಕ್ಯಾಸಿನೊ ಹೋಟೆಲಿನ ರಂಗಮಂದಿರದಲ್ಲಿ ಆಟ ನೋಡಲು ಟಿಕೆಟ್ ತೆಗೆದಿದ್ದ. ಬಾಗಿಲು ದಾಟಿ ಒಳಗೆ ಹೋದರೆ ರಂಗ ಎಲ್ಲೂ ಕಾಣಲಿಲ್ಲ. ಜೂಜಿನ ಮೇಜುಗಳ ನಡುವೆ, ಗಿರಗಿರ ತಿರುಗುವ ಯಂತ್ರಗಳ ನಡುವೆ ಎಷ್ಟೋ ಹೊತ್ತು ನಡೆದೆವು. ಕಿಟಕಿ ಇಲ್ಲ, ಗೋಡೆಯಲ್ಲಿ ಗಡಿಯಾರವೂ ಕಾಣಲಿಲ್ಲ. "ಬೇಕಂತಲೇ ಹಿಂಗೆ ಕಟ್ಟವ್ರೆ ಚಿಕ್ಕಪ್ಪ," ಅಂದ ಹುಡುಗ. "ಆಟಕ್ಕೆ ಹೋಗೋನು ಮೇಜು ದಾಟ್ಕೊಂಡೇ ಹೋಗ್ಬೇಕು, ಆಟ ಮುಗಿಸ್ಕೊಂಡು ಬರೋನೂ ಮೇಜು ದಾಟ್ಕೊಂಡೇ ಬರ್ಬೇಕು."

ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಒಂದು ರಂಗ ಯಾರ ಮನೆಯೊಳಗೆ ನಿಂತಿದೆ, ಅದರ ನಷ್ಟವನ್ನು ಯಾರು ಹೊರುತ್ತಾರೆ, ಹೊತ್ತವರು ಬದಲಿಗೆ ಏನು ಕೇಳುತ್ತಾರೆ ಎಂಬುದು ಅಲ್ಲಿಂದ ಬಂದ ಮೇಲೂ ತಲೆಯೊಳಗೆ ಸುತ್ತುತ್ತಿತ್ತು. ತೆಂಗಿನ ಸೀಮೆಗೆ ನಾನು ಈ ಸಲ ಬಂದದ್ದು ಅದೇ ಪ್ರಶ್ನೆ ಹಿಡಿದು.

ಅದೇ ದಿನ ಬೆಳಿಗ್ಗೆ ಗುಬ್ಬಿಯಲ್ಲಿ ಇಳಿದು ಚನ್ನಬಸವೇಶ್ವರನ ಗುಡಿಗೆ ಹೋಗಿದ್ದೆ. ಕನ್ನಡದ ಅತಿ ದೊಡ್ಡ ನಾಟಕ ಕಂಪನಿ ಈ ದೇವರ ಹೆಸರನ್ನೇ ಹೊತ್ತುಕೊಂಡು ಹುಟ್ಟಿತು: 1884ರಲ್ಲಿ ಶುರುವಾದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. 'ಕೃಪಾಪೋಷಿತ' ಎಂಬ ಪದವನ್ನು ಚಿಕ್ಕಂದಿನಲ್ಲಿ ಎಷ್ಟು ಪರದೆಗಳ ಮೇಲೆ ಓದಿದ್ದೇನೋ. ನಷ್ಟ ಹೊರುವವನು ದೇವರು ಎಂದು ಹೆಸರಿನಲ್ಲೇ ಬರೆದುಕೊಂಡಿದ್ದರು. ನಿಜವಾಗಿ ಹೊತ್ತವರು ಆ ಸಣ್ಣ ಊರಿನ ಜನ. ಹುಡುಗನಾಗಿದ್ದಾಗಲೇ ಕಂಪನಿ ಸೇರಿದ ಗುಬ್ಬಿ ವೀರಣ್ಣನವರು 1917ರಲ್ಲಿ ಅದರ ಯಜಮಾನರಾದರು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳೇ ರಂಗಕ್ಕೆ ಬಂದರು, ವಿದ್ಯುತ್ ದೀಪ ಬಂತು, 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳೇ ಬಂದವು. 'ಸದಾರಮೆ'ಯಲ್ಲಿ ವೀರಣ್ಣನವರು ಕಟ್ಟಿಕೊಟ್ಟ ಕಳ್ಳನನ್ನು ನೋಡಿದವರು ಈಗ ಉಳಿದಿರುವುದು ಬೆರಳೆಣಿಕೆಯಷ್ಟು ಮಂದಿ. ನಮ್ಮ ಅಜ್ಜಿಯೂ ಅವನನ್ನು ನೋಡಿದ್ದವಳು. ಸಾಯುವ ತನಕ ಆ ಕಳ್ಳನ ನಡಿಗೆಯನ್ನು ಮಾಡಿ ತೋರಿಸುತ್ತಿದ್ದಳು.

ಕಂಪನಿ ಮೊಕ್ಕಾಂ ಹಾಕುವುದೆಂದರೆ ಒಂದು ಊರಿನೊಳಗೆ ಇನ್ನೊಂದು ಊರು ಇಳಿದ ಹಾಗೆ. ಜಿಂಕ್ ತಗಡಿನ ಗೋಡೆ, ಬಿದಿರಿನ ಹಂದರ, ಮುಂದೆ ನೆಲ, ಅದರ ಹಿಂದೆ ಬೆಂಚು, ಕುರ್ಚಿ, ಸೋಫಾ. ಊರನ್ನು ಆಯ್ಕೆ ಮಾಡುವಾಗ ಯಜಮಾನರು ನೋಡುತ್ತಿದ್ದದ್ದು ಎರಡೇ: ಜಾತ್ರೆ ಯಾವಾಗ, ಜನರ ಕೈಯಲ್ಲಿ ದುಡ್ಡು ಯಾವಾಗ. ಭತ್ತದ ಸೀಮೆಯಲ್ಲಿ ದುಡ್ಡು ಸುಗ್ಗಿಯಲ್ಲಿ ಒಮ್ಮೆಗೇ ಬರುತ್ತದೆ. ತೆಂಗಿನ ಸೀಮೆಯಲ್ಲಿ ಹಾಗಲ್ಲ. ಇಲ್ಲಿಯ ದುಡ್ಡು ಅಟ್ಟದ ಮೇಲೆ ಕೂತಿರುತ್ತದೆ, ಬೇಕಾದಾಗ ಇಳಿಸಬೇಕು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ತಿಪಟೂರಿನ ಹೆಸರು ಉತ್ತರ ಹಿಂದೂಸ್ಥಾನದ ಮಿಠಾಯಿ ಅಂಗಡಿಯವರೆಗೂ ಹೋಗಿರುವುದು ಉಂಡೆ ಕೊಬ್ಬರಿಯಿಂದ. ಬಲಿತ ಕಾಯನ್ನು ಕೆಡವಿ, ಸುಲಿಯದೆ, ಮನೆಯ ಅಟ್ಟಕ್ಕೋ ಕೊಬ್ಬರಿ ಶೆಡ್ಡಿಗೋ ಏರಿಸುತ್ತಾರೆ. ಹತ್ತು ಹನ್ನೆರಡು ತಿಂಗಳು ಅದು ಅಲ್ಲೇ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ, ಕೈಗೆತ್ತಿ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯನ್ನು ಚೀಲಕ್ಕೆ ತುಂಬಿ ಮಂಡಿಗೆ ಒಯ್ಯಬೇಕು. ಅವಸರಪಟ್ಟವನಿಗೆ ನಷ್ಟ, ಕಾದವನಿಗೂ ಬೆಲೆ ಗ್ಯಾರಂಟಿ ಇಲ್ಲ. ಇಸ್ಪೀಟಿನ ಎಲೆ ಹಿಡಿಯದವನೂ ಇಲ್ಲಿ ವರ್ಷವಿಡೀ ಒಂದು ಪಣ ಹೂಡಿಯೇ ಕೂತಿರುತ್ತಾನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಂಡಿಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರವನ್ನೂ ದಾಟಿ ಹೋಯಿತು. ಆ ಹೊತ್ತಿಗೆ ಎಷ್ಟೋ ಮನೆಗಳ ಅಟ್ಟ ಖಾಲಿಯಾಗಿತ್ತು.

ನೊಣವಿನಕೆರೆ ಹತ್ತಿರದ ನಮ್ಮ ತಾಯಿಯ ತವರಿನಲ್ಲಿ ಸೋದರಮಾವ ಒಂದು ವರ್ಷ ಆರೇ ತಿಂಗಳಿಗೆ ಅಟ್ಟ ಇಳಿಸಿಬಿಟ್ಟಿದ್ದ. ಕಾಯಿ ಇನ್ನೂ ಹಸಿ, ಕಾಯಿ ಲೆಕ್ಕದಲ್ಲೇ ಮಾರಿದ. ಅಜ್ಜ ಮೂರು ದಿನ ಅವನೊಡನೆ ಮಾತಾಡಲಿಲ್ಲ. ಮಾವನಿಗೆ ಕರ್ಣನ ಪಾತ್ರ ಬೇಕಿತ್ತು.

ಈ ಸೀಮೆಯ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವನು ದುಡ್ಡು ತೆಗೆದುಕೊಳ್ಳುವುದಿಲ್ಲ, ಕೊಡುತ್ತಾನೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು, ಸೈಂಧವನಿಗೆ ಕಡಿಮೆ. ಆ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಮತ್ತು ಡ್ರೆಸ್ಸಿನ ಬಾಡಿಗೆ, ದ್ರೌಪದಿಗೂ ರುಕ್ಮಿಣಿಗೂ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಬರುವ ಕಲಾವಿದೆಯರ ಸಂಭಾವನೆ, ಮೈಕು, ಲೈಟು. ಒಂದು ಪಾತ್ರಕ್ಕೆ ಇಬ್ಬರು ಮೂವರು ಆಸೆಪಟ್ಟರೆ ಜಗಳ ಬೇಡವೆಂದು ಪಾತ್ರವನ್ನೇ ಹಂಚುತ್ತಾರೆ; ಫ್ಲೆಕ್ಸಿನಲ್ಲಿ ಕಂಡ ಎರಡನೇ ದುರ್ಯೋಧನ ಹುಟ್ಟುವುದು ಹೀಗೆ. ನೋಡುವವರಿಗೆ ಟಿಕೆಟ್ಟಿಲ್ಲ. ಮೂರು ತಿಂಗಳು ರಾತ್ರಿ ಪ್ರಾಕ್ಟೀಸು, ಒಂದೇ ರಾತ್ರಿ ನಾಟಕ.

ವೇಗಸ್ಸಿನ ಕಥೆ ಇದರ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧ ಮಾಡಿದ್ದು 1931ರಲ್ಲಿ. ಮರುಭೂಮಿಯ ಹೆದ್ದಾರಿಯ ಮಗ್ಗುಲಲ್ಲಿ ಎಲ್ ರಾಂಚೊ ವೇಗಸ್ ಎಂಬ ಮೊದಲ ದೊಡ್ಡ ಹೋಟೆಲು ಎದ್ದದ್ದು 1941ರಲ್ಲಿ; ಅಲ್ಲಿ ಊಟದ ಮನೆಯೇ ರಂಗ, ತಿನ್ನುತ್ತಾ ಹಾಡು ಕೇಳಬೇಕು. 1946ರ ಡಿಸೆಂಬರ್ 26ರಂದು ಫ್ಲಮಿಂಗೊ ಬಾಗಿಲು ತೆರೆಯಿತು. 1952ರಲ್ಲಿ ಸ್ಯಾಂಡ್ಸ್ ಹೋಟೆಲಿನ ಕೋಪಾ ರೂಮು ಬಂತು, ಫ್ರಾಂಕ್ ಸಿನಾತ್ರಾ ಹಾಡಿದ್ದು ಅಲ್ಲಿ. 1958ರಲ್ಲಿ ಸ್ಟಾರ್‌ಡಸ್ಟ್ ಹೋಟೆಲು ಪ್ಯಾರಿಸ್ಸಿನಿಂದ ಇಡೀ ನೃತ್ಯ ತಂಡವನ್ನೇ ಕರೆಸಿತು. 1969ರಲ್ಲಿ ಇಂಟರ್‌ನ್ಯಾಷನಲ್ ಹೋಟೆಲಿನ ಎರಡು ಸಾವಿರ ಆಸನಗಳ ಮಂದಿರದಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಲು ನಿಂತ. ಮುಂದಿನ ಏಳು ವರ್ಷಗಳಲ್ಲಿ ಅದೇ ರಂಗದಲ್ಲಿ ಆರುನೂರಕ್ಕೂ ಮಿಕ್ಕಿ ಸಲ.

ಆ ದಿನಗಳಲ್ಲಿ ಅಂಥ ಆಟಗಳ ಟಿಕೆಟ್ಟು ಅಗ್ಗ, ಊಟ ಅಗ್ಗ. ಹಾಡುಗಾರನಿಗೆ ಕೊಡುವ ಹಣ ಮಾತ್ರ ಕಣ್ಣು ಕುಕ್ಕುವಷ್ಟು. ರಂಗದಲ್ಲಿ ಹೋದದ್ದು ಮೇಜಿನ ಮೇಲೆ ಬರುತ್ತದೆಂದು ಮಾಲೀಕರಿಗೆ ಗೊತ್ತಿತ್ತು. ಹಾಡು ಗಾಳದ ಎರೆ. ಹಾಡಿದವರಲ್ಲಿ ಕೆಲವರಿಗೆ ಇದಕ್ಕಿಂತ ದೊಡ್ಡ ಅವಮಾನವೂ ಇತ್ತು. ಸ್ಯಾಮಿ ಡೇವಿಸ್ ಜೂನಿಯರನಂಥ ಕಪ್ಪು ಕಲಾವಿದರು ರಾತ್ರಿ ರಂಗದಲ್ಲಿ ಚಪ್ಪಾಳೆ ತೆಗೆದುಕೊಂಡು, ಮಲಗಲು ಅದೇ ಹೋಟೆಲಿನಲ್ಲಿ ಕೋಣೆ ಸಿಗದೆ ಊರಿನ ಇನ್ನೊಂದು ತುದಿಗೆ ಹೋಗಬೇಕಿತ್ತು. ಎಲ್ಲ ಬಣ್ಣದವರೂ ಜೊತೆಯಲ್ಲಿ ಕೂರಬಹುದಾದ ಮೂಲಾ ರೂಜ್ ಎಂಬ ಹೋಟೆಲು ತೆರೆದದ್ದು 1955ರಲ್ಲಿ. ಆ ವರ್ಷವೇ ಮುಚ್ಚಿತು. ಮುಂದೆ ದೊಡ್ಡ ಕಂಪನಿಗಳು ಹೋಟೆಲುಗಳನ್ನು ಕೊಂಡ ಮೇಲೆ ಲೆಕ್ಕ ಬದಲಾಯಿತು: ಅಡುಗೆಮನೆ, ಕೋಣೆ, ರಂಗ, ಎಲ್ಲವೂ ತಮ್ಮ ಲಾಭವನ್ನು ತಾವೇ ದುಡಿಯಬೇಕು. ಟಿಕೆಟ್ಟಿನ ಬೆಲೆ ಏರಿತು. ಟ್ರಾಪಿಕಾನಾದಲ್ಲಿ 1959ರಿಂದ ನಡೆದ ನೃತ್ಯಪ್ರದರ್ಶನ 2009ರಲ್ಲಿ ನಿಂತಿತು, 2024ರ ಅಕ್ಟೋಬರಿನಲ್ಲಿ ಆ ಹೋಟೆಲನ್ನೇ ಮದ್ದಿಟ್ಟು ಕೆಡವಿದರು. ಇಂಥ ಮಂದಿರಗಳನ್ನು ಕಟ್ಟಿದವರ ಜಾಣತನವನ್ನೂ, ಹಾಡಿದವರ ಪ್ರತಿಭೆಯನ್ನೂ ನಾನು ಸಣ್ಣದು ಮಾಡುವುದಿಲ್ಲ. ಆದರೆ ಹಾಡನ್ನು ಎರೆ ಮಾಡಿದ ಮನೆ, ಎರೆ ಬೇಡವಾದ ದಿನ ಅದನ್ನು ನೆನಪಿಡುವುದಿಲ್ಲ.

ಎರಡನೇ ದಿನ ಅರಳಗುಪ್ಪೆಗೆ ಹೋದೆ. ತಿಪಟೂರು ತಾಲೂಕಿನದೇ ಊರು. ಒಂಬತ್ತನೇ ಶತಮಾನದ, ನೊಳಂಬರ ಕಾಲದ ಕಲ್ಲೇಶ್ವರನ ಗುಡಿ ಹೊರಗಿನಿಂದ ಏನೂ ಅಲ್ಲವೆನ್ನುವ ಹಾಗಿದೆ. ಒಳಗೆ ಹೋಗಿ ತಲೆ ಎತ್ತಬೇಕು. ಛಾವಣಿಯ ಭುವನೇಶ್ವರಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನವೇರಿ ನೋಡಲು ಬಂದಿದ್ದಾರೆ. ಕತ್ತು ನೋಯುವವರೆಗೂ ನೋಡಿದೆ. ಪ್ರೇಕ್ಷಕರನ್ನೂ ಕೆತ್ತಿದ ಆ ಶಿಲ್ಪಿಗೆ ಆಟವೆಂದರೇನೆಂದು ಗೊತ್ತಿತ್ತು. ತುರುವೇಕೆರೆಯಲ್ಲಿ 1263ರ ಚೆನ್ನಕೇಶವನ ಗುಡಿ, ಗಂಗಾಧರೇಶ್ವರನ ಮುಂದಿನ ಆ ನುಣುಪಾದ ಕರಿಯ ದೊಡ್ಡ ನಂದಿ, ಎರಡನ್ನೂ ಅದೇ ಸಂಜೆ ನೋಡಿ ಬಂದೆ. ಗುಡಿಯ ಮಧ್ಯದ ಅಂಕಣಕ್ಕೆ ನಮ್ಮವರು ಕೊಟ್ಟ ಹೆಸರೇ ನವರಂಗ, ರಂಗಮಂಟಪ. ಇಲ್ಲೂ ರಂಗ ಇನ್ನೊಬ್ಬರ ಮನೆಯೊಳಗೇ ಇದೆ, ಆದರೆ ಆ ಮನೆಯವನು ಆಟ ನೋಡಲು ಬಂದವನ ಜೇಬಿಗೆ ಕೈ ಹಾಕುವುದಿಲ್ಲ.

ಇದೇ ಸುತ್ತಿನ ಸೋಮನ ಕುಣಿತಕ್ಕೆ ಮಂಟಪವೂ ಬೇಡ. ಕೆಂಪು, ಹಳದಿ ಮುಖವಾಡದ ಸೋಮಗಳು ಗುಡಿಯ ಅಂಗಳದಲ್ಲಿ ನಿಂತರೆ ಅದೇ ರಂಗ. ಮೂಡಲಪಾಯ ಯಕ್ಷಗಾನವೂ ಈ ಕಡೆಯದೇ. ಮುಖವೀಣೆ, ಮದ್ದಳೆಯ ದನಿ ಅಡಗಿಹೋಗುವ ಹೊತ್ತಿಗೆ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ಅಲೆದು ಅದನ್ನು ಮೇಲೆತ್ತಿದರು. ಅವರಿಲ್ಲದಿದ್ದರೆ ಕರಾವಳಿಯ ಯಕ್ಷಗಾನವೊಂದೇ ಯಕ್ಷಗಾನವೆಂದು ನಾವೂ ನಂಬಿಬಿಡುತ್ತಿದ್ದೆವು.

ತಿಪಟೂರಿನಲ್ಲಿ ಮಂಡಿ ಸಾಲು ಹಿಡಿದು ನಡೆದೆ. ಕೊಬ್ಬರಿಯ ವಾಸನೆ ಆ ಬೀದಿಯ ಗೋಡೆಗಳಿಗೇ ಅಂಟಿದೆ. ಹೆಂಗಸರು ಕೂತು ಉಂಡೆಗಳನ್ನು ಒಂದೊಂದಾಗಿ ಕಣ್ಣ ಹತ್ತಿರ ಹಿಡಿದು ದಪ್ಪ, ಸಣ್ಣ, ಹೋಳು ಎಂದು ಬೇರೆ ಮಾಡುತ್ತಿದ್ದರು. ಪರಿಚಯದ ಮಂಡಿ ಯಜಮಾನರೊಬ್ಬರು ಗಾದಿಯ ಮೇಲೆ ಕೂರಿಸಿ ಕಾಫಿ ತರಿಸಿದರು.

"ನಾಟಕದ ದುಡ್ಡು ಕೇಳಕ್ಕೆ ಇವಾಗಲೂ ಬರ್ತಾರಾ?" ಎಂದೆ.

"ಬರ್ದೆ ಇರ್ತಾರಾ ಸ್ವಾಮಿ. ಮಗಳ ಮದುವೆ ಅಂತ ಅಡ್ವಾನ್ಸ್ ಕೇಳೋನು ತಲೆ ಬಗ್ಗಿಸ್ಕೊಂಡು ಕೇಳ್ತಾನೆ. ದುರ್ಯೋಧನ ಕಟ್ತೀನಿ ಅಂತ ಕೇಳೋನು ಎದೆ ಉಬ್ಬಿಸ್ಕೊಂಡೇ ಬರ್ತಾನೆ," ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪಾರು ಇಲ್ಲ ಅಂದಿದ್ದು ನಾನು ನೋಡ್ಲಿಲ್ಲ. ನಾನೂ ಅಂದಿಲ್ಲ," ಎಂದರು.

ಈ ಊರು ಕನ್ನಡಕ್ಕೆ ಕೊಟ್ಟ ಒಬ್ಬ ನಟನ ಮಾತು ಬಂತು. ಟಿ.ಆರ್. ನರಸಿಂಹರಾಜು ಅವರ ಹೆಸರಿನ ಮೊದಲಕ್ಷರವೇ ತಿಪಟೂರು. 1923ರಲ್ಲಿ ಇಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿಯ ಬಣ್ಣ ಹಚ್ಚಿ, ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರ ಜೊತೆಗೇ ತೆರೆಗೆ ಬಂದವರು. ಆ ಚಿತ್ರದ ಹಿಂದೆ ಇದ್ದದ್ದೂ ಗುಬ್ಬಿಯ ಹೆಸರೇ. ಬಡಕಲು ಮೈ, ಮುಂದೆ ಬಂದ ಹಲ್ಲು, ಆ ದನಿ. ನಗಿಸುವುದಕ್ಕೆ ಬೇಕಾದ ಸಮಯಪ್ರಜ್ಞೆಯನ್ನು ಅವರು ಕಲಿತದ್ದು ತಗಡಿನ ಥಿಯೇಟರುಗಳಲ್ಲಿ, ನೆಲದ ಮೇಲೆ ಕೂತ ಜನ ಒನ್ಸ್‌ಮೋರ್ ಎಂದು ಕೂಗುವ ಕಡೆ. ಆ ಜನ ಬೀಡಿಯ ದುಡ್ಡು ಉಳಿಸಿ ಬಂದವರು. ಅವರಿಗೆ ನಗು ಬರದಿದ್ದರೆ ಮಾರನೇ ದಿನ ಕಂಪನಿಗೆ ಅನ್ನವಿಲ್ಲ.

ಟೆಂಟ್ ಸಿನಿಮಾ ಬಂದು ಕಂಪನಿಗಳ ಜಾಗ ಹಿಡಿಯಿತು. ಸಂಜೆ ವೆಂಕಟೇಶನ ಮೇಲೆ ಘಂಟಸಾಲ ಹಾಡಿದ ಹಾಡು ಲೌಡ್‌ಸ್ಪೀಕರಿನಲ್ಲಿ ಕೇಳಿದರೆ ಆಟ ಶುರುವಾಗುತ್ತದೆಂದು ತೋಟದಲ್ಲಿದ್ದವರು ಕೈ ತೊಳೆಯುತ್ತಿದ್ದರು. ಆಮೇಲೆ ಟೀವಿ ಬಂದು ಟೆಂಟಿನ ಜಾಗ ಹಿಡಿಯಿತು. ತಿಪಟೂರಿನಲ್ಲಿ ಸತ್ಯಗಣಪತಿಯ ಆಸ್ಥಾನ ಮಂಟಪ ಮಾತ್ರ ಬಿಡಲಿಲ್ಲ. ಗಣಪತಿ ಕೂತಷ್ಟು ದಿನವೂ ಆ ಅಂಗಳದಲ್ಲಿ ಹಾಡು, ಹರಿಕಥೆ, ನಾಟಕ.

ಮೂರನೇ ದಿನ ಸಂಜೆ ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಊರ ಮುಂದಿನ ಬಯಲಲ್ಲಿ ಹಸಿ ತೆಂಗಿನ ಗರಿಯ ಚಪ್ಪರ. ಕಂಬವೂ ತೆಂಗಿನದೇ, ಹೊದಿಕೆಯೂ ತೆಂಗಿನದೇ. ಅದಕ್ಕೆ ಹೋಗಲು ಜಾತ್ರೆಯ ಅಂಗಡಿಸಾಲು ದಾಟಬೇಕು: ಬಳೆ, ಬತ್ತಾಸು, ಖಾರಾಪುರಿ, ಮಕ್ಕಳ ತುತ್ತೂರಿ. ಸಾಲು ಮುಗಿಯುವ ಕಡೆ, ಹುಣಸೆ ಮರದ ಕತ್ತಲಲ್ಲಿ, ಟಾರ್ಚು ಹಿಡಿದು ಒಂದು ಗುಂಪು ಕುಕ್ಕರುಗಾಲಲ್ಲಿ ಕೂತಿತ್ತು. ಅಂದರ್ ಬಾಹರ್. ನಮ್ಮ ಜಾತ್ರೆಗಳ ಅಂಚಿನಲ್ಲಿ ಪೊಲೀಸರಿಗೆ ಹೆದರಿ ಆಡುವ ಈ ಆಟ ಈಗ ಪಣಜಿಯಲ್ಲಿ ಮಾಂಡೋವಿ ಹೊಳೆಯ ಮೇಲೆ ತೇಲುವ ಕ್ಯಾಸಿನೊ ಹಡಗುಗಳಲ್ಲಿ ಹಸಿರು ಬಟ್ಟೆಯ ಮೇಜೇರಿ ಕೂತಿದೆ, ಪಕ್ಕದಲ್ಲಿ ಹಾಡು ಕುಣಿತದ ವೇದಿಕೆ ಸಮೇತ. ಗೋವಾ ತನ್ನ ಕಾನೂನನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲುಗಳಿಗೆ ಜೂಜಿನ ಯಂತ್ರ ಬಿಟ್ಟಿತು, ಆಮೇಲೆ ಹಡಗುಗಳಿಗೂ ಬಿಟ್ಟಿತು. ನಮ್ಮ ಕಡೆಯ ಹುಡುಗರು ಕಾರು ಕಟ್ಟಿಕೊಂಡು ಅಲ್ಲಿಗೆ ಹೋಗಿ ಏನನ್ನು ಕಳೆದು ಬರುತ್ತಾರೆಂದು ಎರಡು ಮೂರು ಮನೆಗಳಲ್ಲಿ ಹತ್ತಿರದಿಂದ ನೋಡಿದ್ದೇನೆ. ಅದನ್ನು ಬರೆಯಲು ಕೈ ಬರುವುದಿಲ್ಲ.

ನಾಟಕ ಶುರುವಾದಾಗ ರಾತ್ರಿ ಹತ್ತೂವರೆ. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದ ಮುದುಕರು, ಅವರ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ ಮೊಮ್ಮಕ್ಕಳು. ಹಾರ್ಮೋನಿಯಂ ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತಾ, ಪಾತ್ರಧಾರಿ ಶ್ರುತಿ ತಪ್ಪಿದ ಕಡೆ ತಾವೇ ಮೆಲ್ಲಗೆ ದನಿ ಸೇರಿಸುತ್ತಾ, ಇಡೀ ರಾತ್ರಿಯನ್ನು ಹೊತ್ತುಕೊಂಡಿದ್ದರು. ಒಂದನೇ ದುರ್ಯೋಧನ ಕಂದಪದ್ಯ ಎತ್ತಿದ ಕೂಡಲೇ ಅವನ ನೆಂಟರು ಒಬ್ಬೊಬ್ಬರಾಗಿ ರಂಗವೇರಿ ಹಾರ ಹಾಕಿದರು. ಅವನ ಹೆಂಡತಿ ಕೆಳಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವನ ಮಾತು ತಪ್ಪಿತು, ಮತ್ತೆ ಹಿಡಿದ. ಯಾರೂ ನಗಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಶಕುನಿ ಬಂದ. ಎಪ್ಪತ್ತರ ಹತ್ತಿರದ ಮನುಷ್ಯ, ಒಂದು ಕಾಲನ್ನು ಎಳೆದು ನಡೆಯುತ್ತಿದ್ದ. ಕೈಯಲ್ಲಿ ದಾಳ. ರಂಗದ ತುದಿಗೆ ಬಂದು ಕೂತು, ಅವುಗಳೊಡನೆ ಮಾತಾಡತೊಡಗಿದ, ಸತ್ತ ತಂದೆಯೊಡನೆ ಮಾತಾಡುವ ಹಾಗೆ. ಹುಣಸೆ ಮರದ ಕೆಳಗಿದ್ದ ಗುಂಪು ಎದ್ದು ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತಿತು. ದಾಳ ಉರುಳುವ ಸದ್ದು ಮೈಕಿನಲ್ಲಿ ಗುಡುಗಿತು. ಎಲ್ಲ ಕಳೆದುಕೊಂಡ ಮನೆಯೊಂದರ ಕಥೆಯನ್ನು ಆ ಮುದುಕ ಸಾವಿರ ಜನರ ಎದುರು ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದ. ಅಲ್ಲಿ ಜೂಜಿನ ಮನೆಯೊಳಗೆ ರಂಗ ಕಂಡಿದ್ದೆ. ಇಲ್ಲಿ ರಂಗದೊಳಗೆ ಜೂಜು ಕುಳಿತಿತ್ತು, ಎಲ್ಲರ ಕಣ್ಣೆದುರು, ದೀಪದ ಬೆಳಕಿನಲ್ಲಿ.

ದುರ್ಯೋಧನ ಬಿದ್ದಾಗ ಪೂರ್ವ ಕೆಂಪಾಗುತ್ತಿತ್ತು. ನಾನು ಪರದೆಯ ಹಿಂದೆ ಹೋದೆ. ತಗಡಿನ ಪೆಟ್ಟಿಗೆಗಳ ನಡುವೆ ಕಿರೀಟಗಳನ್ನು ಎಣಿಸಿ ಇಡುತ್ತಿದ್ದರು. ಶಕುನಿ ಮೂಲೆಯಲ್ಲಿ ಕೂತು ಬಟ್ಟಲಿನಿಂದ ಕೊಬ್ಬರಿ ಎಣ್ಣೆ ತೆಗೆದು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು.

"ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಯಜಮಾನ್ರೇ?"

"ಮೂವತ್ತೆಂಟು. ನಂಗೆ ಈ ಪಾತ್ರವೇ ಸರಿ ಕಣಪ್ಪ, ಕಾಲು ಹೆಂಗೂ ಹಿಂಗೈತೆ. ತೆಂಗಿನ ಮರದಿಂದ ಬಿದ್ದಿದ್ದು."

ದಾಳ ನೋಡಬೇಕೆಂದೆ. ಕೊಟ್ಟರು. ಹಳೆಯ ತೆಂಗಿನ ಮರದ ಗಟ್ಟಿ ಹೊರಭಾಗದಲ್ಲಿ ಕೆತ್ತಿದ್ದು, ಕಪ್ಪು ನಾರಿನ ಗೆರೆ, ಕೈಗೆ ಭಾರ. ಹೊರಗೆ ಬೈಕೊಂದು ಶುರುವಾಯಿತು. ಎರಡನೇ ದುರ್ಯೋಧನ, ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿದ್ದವನು, ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಯ ಕಡೆಗೆ ಹೊರಟಿದ್ದ. "ಆರು ಗಂಟೆಗೆ ಬಾಗಿಲು ಹಾಕ್ತಾರೆ," ಎಂದು ಕೂಗಿ ಹೇಳಿ, ಉದುರಿದ ಹೂವಿನ ಹಾರಗಳನ್ನು ತಪ್ಪಿಸಿಕೊಂಡು ತೋಟದ ದಾರಿ ಹಿಡಿದ.